ಕಣ್ಣು ಕಟ್ಟಿದ ಐವತ್ತು, ಕಣ್ಣು ಬಿಟ್ಟ ಐವತ್ತು

ನಮ್ಮ ವಿಶ್ವವಿದ್ಯಾಲಯಗಳು ಅಂಕ ಕೊಡುವ ಕ್ರಮದಲ್ಲಿ ಒಂದು ವಿಚಿತ್ರವಿದೆ. ಮೇಷ್ಟ್ರುಗಳಾದ ನಮಗೆ ಅದು ದಿನನಿತ್ಯದ ವ್ಯವಹಾರ. ಆದ್ದರಿಂದಲೇ ವಿಚಿತ್ರವೆಂದು ಅನ್ನಿಸುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮನ್ನೇ ತೆಗೆದುಕೊಳ್ಳಿ. ಒಂದು ವಿಷಯಕ್ಕೆ ನೂರು ಅಂಕ. ಅದರಲ್ಲಿ 50 ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ. ಉಳಿದ 50 ಪಾಠ ಮಾಡಿದವನೇ ಕೊಡತಕ್ಕದ್ದು. ಮಕ್ಕಳ ಬಾಯಲ್ಲಿ ಅದು ‘ಇಂಟರ್ನಲ್ಸ್’. ಕೊನೆಯ ಪರೀಕ್ಷೆಯ ಉತ್ತರಪತ್ರಿಕೆ ಯಾರದ್ದೆಂದು ತಿದ್ದುವವನಿಗೆ ತಿಳಿಯಬಾರದೆಂದು ವಿಶ್ವವಿದ್ಯಾಲಯ ಮಾಡದ ಏರ್ಪಾಡಿಲ್ಲ. ಹೆಸರಿಲ್ಲ, ಊರಿಲ್ಲ, ಮುಖವಿಲ್ಲ. ಇಂಟರ್ನಲ್ಸ್ ಕೊಡುವವನೋ ಆ ಹುಡುಗನನ್ನು ವಾರಕ್ಕೆ ನಾಲ್ಕು ದಿನ ನೋಡುತ್ತಾನೆ. ಅವನು ಯಾವ ಬಸ್ಸಿನಲ್ಲಿ ಬರುತ್ತಾನೆಂದು ಕೂಡ ಬಲ್ಲ. ಅಂದರೆ ಅರ್ಧ ಅಂಕವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೊಡಬೇಕು, ಇನ್ನರ್ಧವನ್ನು ಕಣ್ಣು ಬಿಟ್ಟುಕೊಂಡು ಕೊಡಬೇಕು.

2010ರ ಸ್ಕೀಮಿನಲ್ಲಿ ಕಣ್ಣು ಬಿಟ್ಟು ಕೊಡುವ ಪಾಲು 125ರಲ್ಲಿ 25 ಮಾತ್ರ ಇತ್ತು. ಅದು 50ಕ್ಕೆ ಏರಿದಾಗ ನಮ್ಮ ಅಧಿಕಾರ ಹೆಚ್ಚಿತೆಂದು ಕೆಲವರು ಸಂತೋಷಪಟ್ಟರು. ನನಗೆ ಮಾತ್ರ, ಈ ಕಣ್ಣು ಇರುವುದು ಏತಕ್ಕೆ ಎಂಬ ಪ್ರಶ್ನೆ ಅಂದಿನಿಂದ ಬೆನ್ನು ಬಿಟ್ಟಿಲ್ಲ.

ನಾನು ಕಲಿಸುವುದು ಕಂಪ್ಯೂಟರ್ ನೆಟ್‌ವರ್ಕ್ಸ್. ಮನೆ ಬಂಟ್ವಾಳದಲ್ಲಿ, ಕೆಲಸ ಮೂಡುಬಿದಿರೆಯ ಕಡೆ. ಒಂದು ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಎಂದರೆ ಸುರತ್ಕಲ್ಲಿನ ಕೆ.ಆರ್.ಇ.ಸಿ. ಎಂದೇ ಅರ್ಥ. ಈ ಶತಮಾನದಲ್ಲಿ ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ, ಉಜಿರೆಯಲ್ಲಿ, ಮೂಡುಬಿದಿರೆಯ ಸುತ್ತ ಮಿಜಾರಿನಲ್ಲಿ, ತೋಡಾರಿನಲ್ಲಿ ಕಾಲೇಜುಗಳೆದ್ದವು. ಹಾಗಾಗಿ ಬೆಳ್ತಂಗಡಿಯ ಮೂಲೆಯ ದಿಡುಪೆ, ಶಿಶಿಲ, ಶಿಬಾಜೆಯ ಮಕ್ಕಳೂ ಮನೆಯಿಂದಲೇ ಓಡಾಡಿ ಇಂಜಿನಿಯರುಗಳಾಗುವಂತಾಯಿತು. ‘ಓಡಾಡಿ’ ಎಂದರೆ ಏನೆಂದು ಆಟಿ ತಿಂಗಳಲ್ಲಿ ಗುರುವಾಯನಕೆರೆಯಿಂದ ವೇಣೂರು ದಾರಿಯಾಗಿ ಬರುವ ಬಸ್ಸಿನಲ್ಲಿ ನಿಂತು ನೋಡಿದವರಿಗೇ ಗೊತ್ತು.

ಈ ವಿಷಯ ಏನೆಂದು ತಿಳಿಯದವರಿಗಾಗಿ ಎರಡು ಮಾತು. ಬಂಟ್ವಾಳದಿಂದ ಮೂಡುಬಿದಿರೆಗೆ ಮದುವೆಯ ದಿಬ್ಬಣ ಹೊರಟಿದೆ ಎನ್ನಿ. ಎಲ್ಲರೂ ಒಂದೇ ಗಾಡಿಯಲ್ಲಿ ಹಿಡಿಸುವುದಿಲ್ಲ. ಕೆಲವರು ಸಿದ್ಧಕಟ್ಟೆಯಾಗಿ ಹೋಗುತ್ತಾರೆ, ಕೆಲವರು ಪೊಳಲಿ, ಕೈಕಂಬ ಸುತ್ತಿ ಹೋಗುತ್ತಾರೆ. ಹಿಂದೆ ಹೊರಟವರು ಮೊದಲು ಮುಟ್ಟುವುದೂ ಉಂಟು. ಛತ್ರದ ಬಾಗಿಲಲ್ಲಿ ಒಬ್ಬರು ನಿಂತು ಬಂದವರನ್ನು ಲೆಕ್ಕ ಮಾಡಿ, ‘ಇಂಥವರು ಬರಲಿಲ್ಲ’ ಎಂದು ಹೇಳಿ ಕಳಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಮಾಹಿತಿ ಚೂರು ಚೂರಾಗಿ, ‘ಪ್ಯಾಕೆಟ್’ಗಳಾಗಿ ಹೋಗುವುದು ಹೀಗೆಯೇ. ದಾರಿಯಲ್ಲಿರುವ ರೂಟರುಗಳು ಮುಟ್ಟಿಸುತ್ತೇವೆಂದು ಮಾತು ಕೊಡುವುದಿಲ್ಲ. ಕೈಲಾದಷ್ಟು ಮಾಡುತ್ತವೆ, ಜಾಗವಿಲ್ಲದಾಗ ಪ್ಯಾಕೆಟ್ಟನ್ನು ಬಿಸಾಡುತ್ತವೆ. ಬಿಸಾಡಿದ್ದನ್ನು ಮತ್ತೆ ಕಳಿಸುವ ಹೊಣೆ ಎರಡು ತುದಿಗಳಲ್ಲಿ ಇರುವವರದ್ದು. 1981ರಿಂದ ನಡೆದು ಬಂದಿರುವ ಟಿ.ಸಿ.ಪಿ. ನಿಯಮಗಳ ಹುರುಳು ಇಷ್ಟೆ.

ಸೆಮಿಸ್ಟರಿನ ಆರಂಭದಲ್ಲಿ ‘ಕೋರ್ಸ್ ಪ್ಲಾನ್’ ಬರೆಯಬೇಕು. ಐದು ಮಾಡ್ಯೂಲು, 40 ಗಂಟೆ ಪಾಠ, ಮೇಲೆ ಲ್ಯಾಬು. ಯಾವ ದಿನ ಯಾವ ಪಾಠ, ಅದರಿಂದ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು, ಅದು ಬ್ಲೂಮ್ ಎಂಬವರು 1956ರಲ್ಲಿ ಹಾಕಿಕೊಟ್ಟ ಮೆಟ್ಟಿಲುಗಳಲ್ಲಿ ಎಷ್ಟನೆಯದು ಎಂದೆಲ್ಲ ಕೋಷ್ಟಕ ತುಂಬಬೇಕು. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಖಾಯಂ ಸದಸ್ಯನಾದ ಮೇಲೆ ಈ ಕೋಷ್ಟಕಗಳ ಭರಾಟೆ ಜೋರಾಯಿತು. ಅವುಗಳ ಬಗ್ಗೆ ನಗೆಯಾಡುವುದು ಸ್ಟಾಫ್ ರೂಮಿನ ಚಹದಷ್ಟೇ ಅಗತ್ಯ. ಆದರೆ ‘ಈ ಪಾಠದ ನಂತರ ಇವನಿಗೆ ಏನು ಬರಬೇಕು’ ಎಂಬ ಪ್ರಶ್ನೆ ಮಾತ್ರ ನಗುವಂಥದ್ದಲ್ಲ.

ನಗು ಬರಬೇಕಾದದ್ದು ಲೆಕ್ಕ ಮಾಡಿ ನೋಡಿದಾಗ. ಕೊನೆಯ ಪರೀಕ್ಷೆ ನೂರು ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಒಂದೊಂದು ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು, ಅದಕ್ಕೆ 20 ಅಂಕ. ಪಾಸಾಗಲು ನೂರಕ್ಕೆ 35. ಮೊದಲ ಎರಡು ಮಾಡ್ಯೂಲನ್ನು ಬಾಯಿಪಾಠ ಮಾಡಿ 40 ತೆಗೆದವನು, ಪ್ಯಾಕೆಟ್ಟು ತನ್ನ ದಾರಿಯನ್ನು ಕಂಡುಕೊಳ್ಳುವುದು ಹೇಗೆಂದು ಕಿಂಚಿತ್ತೂ ತಿಳಿಯದೆ ಹೊಳೆ ದಾಟಿದ. ಆ ನಲವತ್ತು ಇಪ್ಪತ್ತಾಯಿತು. ಅದಕ್ಕೆ ಕಾಲೇಜಿನವರು ಪ್ರೀತಿಯಿಂದ ಕೊಟ್ಟ 45 ಸೇರಿದರೆ ನೂರಕ್ಕೆ 65. ತೆಗೆದಿಡುವಂಥ ಅಂಕವೇ. ಕಣ್ಣು ಕಟ್ಟಿಕೊಂಡು ತಿದ್ದುವಾತ ಇದರಲ್ಲಿ ಮಾಡಬಹುದಾದದ್ದು ಏನೂ ಇಲ್ಲ. ಕಣ್ಣು ಬಿಟ್ಟವನಿಗೆ ಗೊತ್ತಿತ್ತು; ಗೊತ್ತಿದ್ದೂ ಎಲ್ಲರಿಗೂ 45, 46, 47 ಎಂದು ಬರೆದ. ಇದನ್ನು ಕರುಣೆ ಎನ್ನುತ್ತೇವೆ. ಎಲ್ಲರಿಗೂ ಒಂದೇ ಕೊಡುವುದಾದರೆ ಮುಖ ನೋಡಿಯೂ ನೋಡದ ಹಾಗೆ ಆಯಿತಲ್ಲ!

ನ್ಯಾಯ ಎಂದರೇನು ಎಂಬುದಕ್ಕೆ ನಮ್ಮ ಪಠ್ಯವಿಷಯದಲ್ಲೇ ಒಂದು ಲೆಕ್ಕ ಇದೆ, ನೋಡಿ. ಹಲವರು ಒಂದೇ ತಂತಿಯನ್ನು ಹಂಚಿಕೊಳ್ಳುವಾಗ ಹಂಚಿಕೆ ಎಷ್ಟು ನ್ಯಾಯವಾಗಿದೆಯೆಂದು ಅಳೆಯಲು ರಾಜ್ ಜೈನ್ ಮತ್ತು ಅವರ ಜೊತೆಗಾರರು 1984ರಲ್ಲಿ ಒಂದು ಸೂತ್ರ ಕೊಟ್ಟರು. ಎಲ್ಲರಿಗೂ ಸಮನಾಗಿ ಸಿಕ್ಕಿದರೆ ಉತ್ತರ 1. ಮೂವರಲ್ಲಿ ಒಬ್ಬನಿಗೆ 6, ಇನ್ನೊಬ್ಬನಿಗೆ 3, ಮತ್ತೊಬ್ಬನಿಗೆ ಏನೂ ಇಲ್ಲದಿದ್ದರೆ 0.6. ಇನ್ನೊಂದು ಕ್ರಮದಲ್ಲಿ ಕಡಿಮೆ ಕೇಳಿದವನಿಗೆ ಮೊದಲು ಪೂರ್ತಿ ಕೊಟ್ಟು, ಉಳಿದದ್ದನ್ನು ಹೆಚ್ಚು ಕೇಳಿದವರಿಗೆ ಸಮನಾಗಿ ಹಂಚುತ್ತಾರೆ. ಹತ್ತು ಇದೆ, ಮೂವರು 2, 4, 8 ಕೇಳಿದರು ಎನ್ನಿ. ಸಿಗುವುದು 2, 4, 4. ಎಂಟು ಕೇಳಿದವನಿಗೆ ಎಂಟು ಏಕೆ ಬೇಕಿತ್ತು? ಅವನು ಆಸ್ಪತ್ರೆಯೇ, ಸಿನಿಮಾ ನೋಡುವವನೇ? ರೂಟರು ಸಾಮಾನ್ಯವಾಗಿ ಅದನ್ನು ಕೇಳುವುದಿಲ್ಲ. ಅದರ ನ್ಯಾಯವೂ ಕಣ್ಣು ಕಟ್ಟಿದ ನ್ಯಾಯವೇ. ಒಂದರ ಬದಲು ಹತ್ತು ಸಂಪರ್ಕ ತೆರೆದು ಕೇಳುವ ಜಾಣನಿಗೆ ಹತ್ತು ಪಾಲು ಸಿಗುವುದೂ ಇದರಿಂದಾಗಿಯೇ.

ಅಂಕವನ್ನು ಹೀಗೆ ಹಂಚುವ ಪ್ರಶ್ನೆಯೇ ಇಲ್ಲ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನ ಗಂಟು ಕರಗುವುದಿಲ್ಲ. ಕರಗುವುದು ಅಂಕದ ಅರ್ಥ. ನಿಜವಾಗಿ ಹಂಚಬೇಕಾಗಿರುವುದು ಮೇಷ್ಟ್ರ ಸಮಯ, ಅವನ ಸಹನೆ. ಅವು ತಂತಿಯ ಹಾಗೆಯೇ ಮಿತವಾದವು. ಈ ಎರಡನ್ನು ಬೆರೆಸುವುದರಿಂದಲೇ ನಮ್ಮ ಗೊಂದಲವೆಲ್ಲ ಹುಟ್ಟುತ್ತದೆಂದು ನನ್ನ ತಿಳುವಳಿಕೆ. ಹೆಚ್ಚು ಸಮಯ ಕೊಡಬೇಕಾದವನಿಗೆ ಹೆಚ್ಚು ಅಂಕ ಕೊಟ್ಟು ಕಳಿಸುತ್ತೇವೆ. ಅದು ಅಗ್ಗ. ಅರ್ಧ ನಿಮಿಷದ ಕೆಲಸ.

ಮಳೆಗಾಲದಲ್ಲಿ ಸೆಮಿಸ್ಟರು ಬಿದ್ದ ಒಂದು ವರ್ಷದ ಮಾತು. ಮೊದಲ ಇಂಟರ್ನಲ್ ಪರೀಕ್ಷೆಗೆ ಇಬ್ಬರು ಹುಡುಗರು ಬರಲಿಲ್ಲ. ವೈದ್ಯರ ಸರ್ಟಿಫಿಕೇಟ್ ಇದ್ದರೆ ಮರುಪರೀಕ್ಷೆ, ಇಲ್ಲದಿದ್ದರೆ ಸೊನ್ನೆ. ಅಲ್ಲಿಯ ಪದ್ಧತಿ ಹಾಗಿತ್ತು. ಒಬ್ಬ ಜ್ವರವೆಂದು ಸರ್ಟಿಫಿಕೇಟ್ ತಂದ. ಆ ಜ್ವರ ಎಂಥದ್ದೆಂದು ತರಗತಿಗೆಲ್ಲ ಗೊತ್ತು. ಇನ್ನೊಬ್ಬ ಚಾರ್ಮಾಡಿ ಬೆಟ್ಟದ ಬುಡದವನು. ಬಂದು ನಿಂತು, “ಸರ್, ಮರ ಬಿದ್ದು ರೋಡು ಬ್ಲಾಕ್ ಆಗಿತ್ತು. ಮೂರು ದಿನ ಕರೆಂಟೂ ಇಲ್ಲ, ಫೋನೂ ಇಲ್ಲ” ಎಂದ. ಆ ಕಡೆಯ ಮಳೆ ಹೇಗಿರುತ್ತದೆಂದು 2019ರ ಆಗಸ್ಟಿನಲ್ಲಿ ಹೊಳೆಗಳು ಉಕ್ಕಿ ಬೆಳ್ತಂಗಡಿಯ ಹಳ್ಳಿಗಳು ಕೊಚ್ಚಿಹೋದಾಗ ನಾಡಿಗೆಲ್ಲ ತಿಳಿದಿದೆ. 2020, 21ರಲ್ಲಿ ಆನ್‌ಲೈನ್ ಪಾಠವೆಂದು ಆದಾಗ ಗುಡ್ಡ ಹತ್ತಿ, ಕೊಡೆ ಹಿಡಿದು, ಸಿಗ್ನಲ್ ಸಿಕ್ಕಿದಲ್ಲಿ ಕುಳಿತದ್ದು ಈ ಕಡೆಯ ಮಕ್ಕಳೇ. ಪ್ಯಾಕೆಟ್ ಕಳೆದುಹೋಗುವುದೆಂದರೇನೆಂದು ಅವರಿಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಪದ್ಧತಿಯ ಪ್ರಕಾರ ಸುಳ್ಳಿಗೆ ಮರುಪರೀಕ್ಷೆ, ನಿಜಕ್ಕೆ ಸೊನ್ನೆ. “ಒಂದು ಸರ್ಟಿಫಿಕೇಟ್ ತರಲು ಹೇಳಿ ಮಾರಾಯ್ರೆ, ಕತೆ ಮುಗಿಯಿತು” ಎಂದರು ಸಹೋದ್ಯೋಗಿಯೊಬ್ಬರು. ಒಳ್ಳೆಯ ಮನುಷ್ಯ, ಹುಡುಗನ ಮೇಲಿನ ಮರುಕದಿಂದಲೇ ಹೇಳಿದ್ದು. ಆದರೆ ಹಾಗೆ ಹೇಳಿದ್ದರೆ ಆ ಸೆಮಿಸ್ಟರಿನಲ್ಲಿ ಅವನು ನನ್ನಿಂದ ಚೆನ್ನಾಗಿ ಕಲಿತ ಪಾಠ ಅದೊಂದೇ ಆಗುತ್ತಿತ್ತು. ನಾನು ರಿಜಿಸ್ಟರಿನಲ್ಲಿ ಇದ್ದ ಕಾರಣವನ್ನು ಇದ್ದ ಹಾಗೆ ಬರೆದು, ಇಬ್ಬರಿಗೂ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿದೆ. ಮೇಲಿನವರೊಂದಿಗೆ ಸ್ವಲ್ಪ ಮಾತುಕತೆಯಾಯಿತು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಬೆಳೆಸಬೇಕಾದದ್ದು ಒಬ್ಬ ಹುಡುಗಿಯ ಮಾತು. ಆಕೆ ನಾರಾವಿಯ ಕಡೆಯವಳು. ಅದೇ ಮಳೆಯಲ್ಲಿ, ಬೆಳಗಿನ ಮೊದಲ ಬಸ್ಸು ಹಿಡಿದು, ಒದ್ದೆ ಬಟ್ಟೆಯಲ್ಲೇ ಪರೀಕ್ಷೆ ಬರೆದು ಹೋಗಿದ್ದಳು. ಮರುಪರೀಕ್ಷೆಯ ಸುದ್ದಿ ಕೇಳಿ ಬಂದು, “ಸರ್, ಅವರಿಗೆ ಓದಲು ಎರಡು ವಾರ ಹೆಚ್ಚು ಸಿಕ್ಕಿತು. ಹಾಗಾದರೆ ಅವತ್ತು ಬಂದದ್ದು ನನ್ನ ತಪ್ಪಾ?” ಎಂದಳು. ನಿಷ್ಠುರವಾಗಿ ಅಲ್ಲ, ಲೆಕ್ಕ ಕೇಳುವವರ ಹಾಗೆ. ಉತ್ತರಕ್ಕಾಗಿ ಸುಮಾರು ಹೊತ್ತು ಹುಡುಕಿದೆ. ಅವನ ಊರಿನ ಮರದ ಬಗ್ಗೆ ಹೇಳಬಹುದಿತ್ತು. ಆದರೆ ಅವಳೇನೂ ಅವನಿಗೆ ಅನ್ಯಾಯವಾಗಲಿ ಎಂದು ಕೇಳಿದ್ದಲ್ಲ, ತನಗೂ ಒಂದು ನ್ಯಾಯ ಇದೆಯೇ ಎಂದು ಕೇಳಿದ್ದು. ಒಬ್ಬನನ್ನು ಕಣ್ಣು ಬಿಟ್ಟು ನೋಡಿದಾಗ ಇನ್ನೊಬ್ಬರು ಕಣ್ಣಿನಿಂದ ಮರೆಯಾಗುವುದು ಹೀಗೆ. ಕೊನೆಗೆ ಮರುಪರೀಕ್ಷೆಯನ್ನು ಬಂದವರಿಗೂ ಬಾರದವರಿಗೂ ತೆರೆದೆ; ಎರಡರಲ್ಲಿ ಹೆಚ್ಚಿನ ಅಂಕ ಯಾವುದೋ ಅದು. ಅವಳು ಮತ್ತೆ ಬರೆದಳು, ಮೊದಲಿಗಿಂತ ಎರಡು ಕಡಿಮೆ ಬಂತು. ಉತ್ತರಪತ್ರಿಕೆ ನೋಡಿ ನಕ್ಕಳು. ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ.

ಅದಾದ ಮೇಲೆ ಲ್ಯಾಬ್ ವೈವಾ. ಮೂರು ಕಂಪ್ಯೂಟರುಗಳ ಒಂದು ಪುಟ್ಟ ಜಾಲವನ್ನು ಪರದೆಯ ಮೇಲೆ ಕಟ್ಟಿ, ದಾರಿಯ ಅಗಲ ಹೆಚ್ಚು ಕಡಿಮೆ ಮಾಡಿ, ಎಷ್ಟು ಪ್ಯಾಕೆಟ್ ಬಿದ್ದುಹೋಯಿತೆಂದು ಎಣಿಸುವ ಪ್ರಯೋಗ ಲ್ಯಾಬುಗಳಲ್ಲಿ ಬಹಳ ಕಾಲ ಮಾಡಿಸಿಕೊಂಡು ಬಂದದ್ದು. ರೆಕಾರ್ಡ್ ಪುಸ್ತಕ ಒಬ್ಬನದ್ದನ್ನು ನೋಡಿ ಅರುವತ್ತು ಮಂದಿ ಬರೆಯುತ್ತಾರೆ, ಅಂಕ ಹತ್ತಕ್ಕೆ ಹತ್ತು. ಚಾರ್ಮಾಡಿಯ ಹುಡುಗನಲ್ಲಿ ನಾನು ಕೇಳಿದೆ: “ಪ್ಯಾಕೆಟ್ ಬಿದ್ದಾಗ ಕಳಿಸುವವನು ವೇಗ ಇಳಿಸುತ್ತಾನಲ್ಲ, ಯಾಕೆ? ಇಳಿಸದಿದ್ದರೆ ಎಂತ ಆಗುತ್ತದೆ?” ಪುಸ್ತಕದ ಇಂಗ್ಲಿಷ್ ವಾಕ್ಯವೊಂದನ್ನು ಹಿಡಿದು ಎರಡು ಸಲ ಎಡವಿದ. ಕನ್ನಡದಲ್ಲಿ ಹೇಳು ಎಂದೆ. “ಸರ್, ಕಟ್ಟದ ನೀರಿನ ಹಾಗೆ” ಎಂದ. ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಕಟ್ಟ ಹಾಕಿ ಅಡಿಕೆ ತೋಟಗಳಿಗೆ ನೀರು ಹಾಯಿಸಿಕೊಳ್ಳುವುದುಂಟು. ಮೇಲಿನ ತೋಟದವರು ಬೇಕಾದಷ್ಟು ತಿರುಗಿಸಿಕೊಂಡರೆ ಕೆಳಗಿನವರ ಬುಡ ಒಣಗುತ್ತದೆ. ಕಾಯಲು ಪೊಲೀಸರಿಲ್ಲ. ಕೆಳಗೆ ನೀರು ಕಡಿಮೆಯಾಯಿತೆಂದು ಗೊತ್ತಾದಾಗ ಮೇಲಿನವರು ತಾವಾಗಿ ಬಾಯಿ ಸಣ್ಣ ಮಾಡುತ್ತಾರೆ. “ಎಲ್ಲರೂ ಎಳೆದರೆ ಯಾರಿಗೂ ಸಿಗ್ಲಿಕ್ಕಿಲ್ಲ ಸರ್.”

1986ರ ಅಕ್ಟೋಬರಿನಲ್ಲಿ ಆದದ್ದು ಇದೇ. ಅಮೆರಿಕದ ಬರ್ಕ್ಲಿಯಲ್ಲಿ ಲ್ಯಾಬೊರೇಟರಿ ಒಂದು, ವಿಶ್ವವಿದ್ಯಾಲಯ ಒಂದು, ನಡುವೆ 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದ ದಾರಿಯಲ್ಲಿ ಒಮ್ಮೆಲೇ 40 ಬಿಟ್ಟಿಗೆ ಇಳಿಯಿತು. ಬಿದ್ದುಹೋದದ್ದನ್ನು ಎಲ್ಲರೂ ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಕಟ್ಟಿಹಾಕಿದ್ದರು. ವ್ಯಾನ್ ಜೇಕಬ್ಸನ್ ಅದನ್ನು ಪರಿಶೀಲಿಸಿ 1988ರಲ್ಲಿ ಮುಂದಿಟ್ಟ ಪರಿಹಾರದಲ್ಲಿ ದೊಡ್ಡ ಯಂತ್ರವೇನಿಲ್ಲ. ನಷ್ಟವನ್ನು ಕಂಡವನು ತಾನೇ ಕೈ ಹಿಡಿಯಬೇಕು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಜಗತ್ತಿನ ಜಾಲ ನಿಂತಿರುವುದು ಬಹುಮಟ್ಟಿಗೆ ಈ ಮರ್ಯಾದೆಯ ಮೇಲೆ.

ಹುಡುಗನಿಗೆ ವಿಷಯ ಗೊತ್ತಿತ್ತು. ವೈವಾದಲ್ಲಿ ಪೂರ್ತಿ ಅಂಕ ಕೊಟ್ಟೆ. ಅದು ಕೃಪೆಯಲ್ಲ, ಅಳತೆ. ಆದರೆ ಬರೆದ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು ಬಂದಷ್ಟೇ. ಒಟ್ಟು 50ಕ್ಕೆ 34. ಆ ಸೆಕ್ಷನ್ನಿನ ಉಳಿದ ವಿಷಯಗಳಲ್ಲಿ ಅವನಿಗೆ ಅಂಥ ಸಂಖ್ಯೆ ಇರಲಿಲ್ಲ, ಎಲ್ಲ ನಲವತ್ತೈದರ ಮೇಲೆ. ಅವನ ಅಪ್ಪ ಒಂದು ದಿನ ಬಂದರು. “ಬೇರೆ ಸರ್‌ಗಳೆಲ್ಲ ಕೊಟ್ಟಿದ್ದಾರೆ, ನಿಮ್ಮದು ಮಾತ್ರ ಹೀಗೆ ಯಾಕೆ?” ಎಂದು ಕೇಳಿದರು. ಕಂಪೆನಿಯವರು ಕಾಲೇಜಿಗೆ ಬಂದಾಗ ಒಟ್ಟು ಸರಾಸರಿ ಇಷ್ಟಿದ್ದವರನ್ನು ಮಾತ್ರ ಒಳಗೆ ಕರೆಯುತ್ತಾರೆ, ಅವರ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಎಲ್ಲರೂ ಉಬ್ಬಿಸಿ ಬರೆಯುವಲ್ಲಿ ಒಬ್ಬ ಮಾತ್ರ ಇದ್ದದ್ದು ಬರೆದರೆ ಅದರ ಬೆಲೆ ತೆರುವವನು ಮೇಷ್ಟ್ರಲ್ಲ, ಹುಡುಗ. ಮೇಲಿನ ತೋಟದವರೆಲ್ಲ ಬಾಯಿ ತೆರೆದಿಟ್ಟಿರುವಾಗ ನೀವೊಬ್ಬರು ಮುಚ್ಚಿದರೆ ನಿಮ್ಮ ಸಸಿ ಒಣಗುತ್ತದೆ. ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಅಂಕ ಬದಲಾಯಿಸಲಿಲ್ಲ. ಶನಿವಾರ ಮಧ್ಯಾಹ್ನ ಅವನನ್ನೂ ಅಂಥ ಇನ್ನು ಐದಾರು ಮಂದಿಯನ್ನೂ ಕೂರಿಸಿಕೊಂಡು, ಗೊತ್ತಿದ್ದದ್ದನ್ನು ಪರೀಕ್ಷೆಯ ಇಂಗ್ಲಿಷಿನಲ್ಲಿ ಬರೆಯುವುದು ಹೇಗೆಂದು ತಿದ್ದಿ ತಿದ್ದಿ ಬರೆಸಿದೆ. ನಾರಾವಿಯ ಹುಡುಗಿಯೂ ಬರುತ್ತಿದ್ದಳು, ಅವಳಿಗೆ ಅಗತ್ಯವಿರಲಿಲ್ಲವಾದರೂ.

ಕೊನೆಯ ಪರೀಕ್ಷೆಯಲ್ಲಿ ಅವನಿಗೆ 50ಕ್ಕೆ 29 ಬಂತು. ಯಾರು ತಿದ್ದಿದರೋ ಗೊತ್ತಿಲ್ಲ. ಕಟ್ಟದ ಕತೆ ಅವರಿಗೆ ಗೊತ್ತಿರಲಿಕ್ಕಿಲ್ಲ. ಆ ಮೇಲೆ ಬರೆಯುವ ಕೋರ್ಸ್ ಪ್ಲಾನಿನಲ್ಲಿ ಮರುಪರೀಕ್ಷೆಯ ದಿನಾಂಕವನ್ನು ಮೊದಲೇ ಹಾಕಿಡುತ್ತೇನೆ, ಎಲ್ಲರಿಗೂ, ಸರ್ಟಿಫಿಕೇಟ್ ಬೇಡ. ಟಿ.ಸಿ.ಪಿ.ಯೂ ಕಳೆದುಹೋದ ಪ್ಯಾಕೆಟ್ಟಿನ ಕಾರಣ ವಿಚಾರಿಸುತ್ತಾ ಕೂರುವುದಿಲ್ಲ. ಜ್ವರದ ಹುಡುಗರು ಇದರಿಂದ ಲಾಭ ಪಡೆಯುತ್ತಾರೆಂದು ನನ್ನ ಸಹೋದ್ಯೋಗಿ ಈಗಲೂ ಹೇಳುತ್ತಾರೆ. ಪಡೆಯುತ್ತಾರೆ, ನಿಜ. ಹೋದ ಸಲ ಹಾಗೆ ಬಂದವರು ನಾಲ್ಕು ಮಂದಿ ಇದ್ದರು. ಅವರಲ್ಲಿ ಇಬ್ಬರು ಓದಿಕೊಂಡು ಬಂದಿದ್ದರು.