ಜೆಪ್ಪುವಿನ ಹಂಚು, ಬಾಸೆಲಿನ ಲಾಭ

ಪ್ರೊಟೆಸ್ಟಂಟರ ಸಿರಿವಂತಿಕೆಗೆ ಅವರ ದೈವಭಕ್ತಿಯೇ ಕಾರಣ ಎಂದು ಸಭೆಗಳಲ್ಲಿ ಸಲೀಸಾಗಿ ಹೇಳುವವರಿದ್ದಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಬರೆದದ್ದು ಅಷ್ಟು ಸರಳವಲ್ಲ. ಮೋಕ್ಷ ಯಾರಿಗೆ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂದು ಕ್ಯಾಲ್ವಿನ್ ಪಂಥದವರು ನಂಬಿದ್ದರು. ತಾವು ಆ ಸಾಲಿನಲ್ಲಿದ್ದೇವೆಯೇ ಎಂಬ ಕಳವಳದಲ್ಲಿ ಅವರು ಬಿಡುವಿಲ್ಲದೆ ದುಡಿದರು, ಗಳಿಸಿದ್ದನ್ನು ಭೋಗಕ್ಕೆ ಸುರಿಯದೆ ಮತ್ತೆ ವ್ಯಾಪಾರಕ್ಕೆ ಹೂಡಿದರು. ಬಂಡವಾಳಶಾಹಿಯ ಮನೋಧರ್ಮ ಬೆಳೆದದ್ದು ಹೀಗೆ ಎಂಬುದು ವೇಬರ್ ವಾದ.

ಮಂಗಳೂರಿನ ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದ ನನಗೆ ಈ ವಾದ ಹತ್ತಿರದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಮತಾಂತರವಾದವರಲ್ಲಿ ಬಿಲ್ಲವರು ಬಹಳ. ಅವರ ಶೇಂದಿಯ ಕಸುಬು ಕ್ರೈಸ್ತರಿಗೆ ಸಲ್ಲದು ಎಂದಾಯಿತು. ಜಾತಿಯ ಆಸರೆಯೂ ತಪ್ಪಿತು. ಅವರಿಗೆ ಅನ್ನದ ದಾರಿ ಬೇಕಿತ್ತು. ಮೊದಲು ಮಗ್ಗ ಬಂತು. 1865ರಲ್ಲಿ ಮಿಷನ್ನಿನ ಗೇಯಾರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು.

ನನ್ನ ಅಜ್ಜಿಯ ತಂದೆ ಅಲ್ಲಿ ಅಚ್ಚಿನ ಯಂತ್ರದ ಮುಂದೆ ನಿಂತವರು. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಅರೆದು, ಅಚ್ಚಿಗೊತ್ತಿ, ಅಂಚು ಸವರಿ, ನೆರಳಲ್ಲಿ ಒಣಗಿಸಿ ಸುಡಬೇಕು. ಒಣಗುವ ಮೊದಲೇ ಅವಸರಪಟ್ಟರೆ ಹಂಚು ಭಟ್ಟಿಯಲ್ಲೇ ಬಿರಿಯುತ್ತದೆ. ಪ್ರಾರ್ಥನೆ ಮುಗಿಸಿ ಕೆಲಸಕ್ಕೆ ತೊಡಗುವುದು, ಗಂಟೆಗೆ ಸರಿಯಾಗಿ ಹಾಜರಾಗುವುದು, ಕುಡಿತ ಬಿಡುವುದು: ಅಜ್ಜಿ ಹೇಳುತ್ತಿದ್ದ ಅವರ ಬದುಕು ಇಷ್ಟೇ. ವೇಬರ್ ಬಣ್ಣಿಸಿದ ಶಿಸ್ತೆಲ್ಲ ಆ ಮನುಷ್ಯನಲ್ಲಿತ್ತು. ಸಂಪತ್ತು ಮಾತ್ರ ಬರಲಿಲ್ಲ. ಮಾರಾಟದ ಲಾಭ ಬಾಸೆಲಿನ ವ್ಯಾಪಾರ ಕಂಪನಿಯದು, ಇವರಿಗೆ ಕೂಲಿ.

ಆದರೂ ನಮ್ಮ ಮನೆ ಮೇಲೆ ಬಂತು. ಅದು ಅಕ್ಷರದಿಂದ. ಬೈಬಲ್ ಓದಲೇಬೇಕು ಎಂಬ ಹಟದಿಂದ ಮಿಷನ್ ಶಾಲೆ ಕಟ್ಟಿತು, ಹುಡುಗಿಯರನ್ನೂ ಕೂರಿಸಿತು. ಅಜ್ಜಿ ಓದಿದರು, ಟೀಚರಾದರು. ಸಾಶ ಬೆಕರ್ ಮತ್ತು ಲುಡ್ಗರ್ ವೋಸ್ಮನ್ ಎಂಬ ಅರ್ಥಶಾಸ್ತ್ರಜ್ಞರು 19ನೇ ಶತಮಾನದ ಪ್ರಷ್ಯಾದ ಅಂಕಿಅಂಶ ಹಿಡಿದು 2009ರಲ್ಲಿ ವಾದಿಸಿದ್ದೂ ಇದನ್ನೇ: ಅಲ್ಲಿನ ಪ್ರೊಟೆಸ್ಟಂಟ್ ಪ್ರದೇಶಗಳ ಏಳಿಗೆಯ ಬಹುಪಾಲನ್ನು ಸಾಕ್ಷರತೆಯೇ ವಿವರಿಸುತ್ತದೆ. ನಮ್ಮ ಮನೆಯ ಮಟ್ಟಿಗಂತೂ ಇದು ನಿಜ.

ದುಡಿಮೆಗೆ ಸಿಕ್ಕ ಗೌರವವನ್ನು ನಾನು ಹಗುರ ಮಾಡುವುದಿಲ್ಲ. ಕೀಳೆಂದು ಕರೆಸಿಕೊಂಡವರಿಗೆ ಅದು ತಲೆಯೆತ್ತಿ ನಡೆಯುವ ಬಲ ಕೊಟ್ಟಿತು. ಆದರೆ ಬಡವ ಬಡವನಾಗಿರುವುದು ಅವನ ಸೋಮಾರಿತನದಿಂದ ಎಂದು ದುಡಿಮೆಯ ತತ್ವದ ಹೆಸರಿನಲ್ಲಿ ಹೇಳುವುದು ಅನ್ಯಾಯ. ಜೆಪ್ಪುವಿನವರನ್ನೇ ನೋಡಿ: ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ಮುಟ್ಟುಗೋಲು ಹಾಕಿಕೊಂಡರು, ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋದವು. ಒಡೆಯರು ಬದಲಾದರು; ಅಚ್ಚಿನ ಮುಂದೆ ನಿಂತವರು ಕೂಲಿಯವರಾಗಿಯೇ ಉಳಿದರು.