ಬಿಡಿಭಾಗಗಳೆಲ್ಲ ಬದಲಾದ ಮೇಲೆ

ಮೈಸೂರಿನ ಯಾದವಗಿರಿಯಲ್ಲಿ ಒಂದು ಕಾಲಕ್ಕೆ ಮೋಟಾರ್ ಸೈಕಲ್ ಕಾರ್ಖಾನೆಯಿದ್ದುದನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಐಡಿಯಲ್ ಜಾವಾ ಎಂಬ ಆ ಸಂಸ್ಥೆ 1960ರ ಸುಮಾರಿಗೆ ಹುಟ್ಟಿ, ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ನಮ್ಮಲ್ಲೇ ತಯಾರಿಸಿತು. ಮುಂದೆ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಿಟ್ಟಿತು. 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಒಂದು ರೋಡ್‌ಕಿಂಗ್ ಗಾಡಿಯನ್ನು ನಮ್ಮ ತಂದೆಯವರು 1986ರಲ್ಲಿ ಕೊಂಡಿದ್ದರು. 250 ಸಿ.ಸಿ., ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಕಡ್ಡಿ. ತಂದೆಯವರು ಹೋದ ಮೇಲೆ ಅದು ಅರಕಲಗೂಡಿನ ಮನೆಯ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಅಟ್ಟವಾಗಿತ್ತು. ಲಾರಿಗೆ ಹಾಕಿಸಿ ಡೊಂಬಿವಲಿಗೆ ತರಿಸಿಕೊಂಡೆವು. ಕಾಗದಪತ್ರಗಳಿಗಾಗಿ ಅಲೆದ ಕಥೆ ಇನ್ನೊಂದು ಲೇಖನಕ್ಕಾಗುವಷ್ಟಿದೆ, ಬಿಡೋಣ.

ನಾವು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ದೀಪಾವಳಿಯ ಮುಂಚೆ ನಮ್ಮಂಥವರಿಗೆ ಬರುವ ಬೋನಸ್ಸು 6,908 ರೂಪಾಯಿ. ಎರಡು ವರ್ಷದ ಬೋನಸ್ಸನ್ನು ಮುಟ್ಟದೆ ಇಟ್ಟರೆ 13,816. ಇಂಜಿನ್ನಿಗೆ ಇಷ್ಟೇ, ಇದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟೆವು. ಮಗಳ ಟ್ಯೂಷನ್ ಫೀಸಿನ ಕಂತು ಎದುರಿಗೇ ಇರುವಾಗ ಈ ಹಳೆಯ ಕಬ್ಬಿಣ ಯಾರಿಗಾಗಿ ಎಂದು ಮನೆಯವರು ಕೇಳಿದ್ದಕ್ಕೆ ಆಗಲೂ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕಲ್ಯಾಣದಲ್ಲಿ (ಇದು ಬಸವಣ್ಣನವರ ಕಲ್ಯಾಣವಲ್ಲ, ಲೋಕಲ್ ಗಾಡಿಯ ಕಲ್ಯಾಣ) ಇಂಡಿ ತಾಲೂಕಿನ ಕಡೆಯ ಮಿಸ್ತ್ರಿಯೊಬ್ಬ ಸಿಕ್ಕಿದ. ಇಂಜಿನ್ ಬಿಚ್ಚಿ ಹರಡಿದಾಗ ಸಿಲಿಂಡರಿನ ಒಳಗೋಡೆಯಲ್ಲಿ ಉದ್ದುದ್ದ ಗೀರುಗಳು ಕಂಡವು. ಕನೆಕ್ಟಿಂಗ್ ರಾಡ್ ಕೈಯಲ್ಲಿ ಹಿಡಿದು ಎತ್ತಿದರೆ ಟಕಟಕ ಎನ್ನುತ್ತಿತ್ತು. ಆಯಿಲ್ ಸೀಲುಗಳು ಹಪ್ಪಳ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕಿನ ಪೆಟ್ಟಿಗೆಗೇ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಮೇಲಕ್ಕೆ ಹೋಗುತ್ತದೆ. ಸೀಲು ಸೋರಿದರೆ ಹೊರಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಎಂದೋ ಮಾಡಿದ ಬಿ.ಎಸ್ಸಿ. ಇಲ್ಲಿ ಉಪಯೋಗಕ್ಕೆ ಬಂತು.

ಮಿಸ್ತ್ರಿಯ ಅಂದಾಜು 19,000. ನಮ್ಮ ಮುಖ ನೋಡಿ ಅವನೇ ದಾರಿ ತೋರಿಸಿದ.

"ಸಾಹೇಬ್ರ, ಇದರ ಮ್ಯಾಲೆ ಯಾಕ ರೊಕ್ಕಾ ಹಾಕ್ತೀರಿ? ಗುಜರ್‍ಯಾಗ ಚಾಲೂ ಇಂಜಿನ್ ಸಿಗತದ, ಎಂಟ ಸಾವಿರ. ನಿಮ್ಮ ನಂಬರ ಹೊಡಸಿ ಕೊಡತೀನಿ. ಯಾರಿಗೆ ತಿಳೀತದ್ರೀ?"

ಇಂಜಿನ್ ಬದಲಿಸುವುದು ಅಪರಾಧವಲ್ಲ. ಸಾರಿಗೆ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಸಿಕೊಳ್ಳಬಹುದು. ಆದರೆ ಗುಜರಿಯ ಇಂಜಿನ್ನಿಗೆ ಬಿಲ್ಲಿಲ್ಲ. ಅದು ಯಾರ ಗಾಡಿಯದೋ, ಹೇಗೆ ಬಂತೋ! ಹಾಗಾದರೆ ಬೇಡ ಎಂದೆವು. ಅವನು ಬಿಡಲಿಲ್ಲ.

"ಇದರಾಗ ನಿಮ್ಮ ಅಪ್ಪಾರದು ಏನ ಉಳೀತದ್ರೀ? ಪಿಸ್ಟನ್ ಹೊಸಾದು, ರಾಡ್ ಹೊಸಾದು, ಬೇರಿಂಗ್ ಹೊಸಾದು. ಡಬ್ಬಿ ಒಂದ ಹಳೇದು."

ಆ ರಾತ್ರಿ ನಿದ್ದೆ ಬರಲಿಲ್ಲ. ಮಿಸ್ತ್ರಿ ಕೇಳಿದ್ದು ಎರಡು ಸಾವಿರ ವರ್ಷದ ಪ್ರಶ್ನೆ. ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೂ ಅದು ಅದೇ ಹಡಗೇ ಎಂದು ಪಂಡಿತರು ವಾದಿಸುತ್ತಿದ್ದುದನ್ನು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮಲ್ಲಿ ನಾಗಸೇನ ಭಿಕ್ಷು ದೊರೆ ಮಿಲಿಂದನನ್ನು ಕೇಳಿದ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಇಟ್ಟ ಹೆಸರು ರಥ. ಮನುಷ್ಯನೂ ಹಾಗೆಯೇ ಎಂದ ನಾಗಸೇನ. ನಮ್ಮನ್ನೇ ನೋಡಿಕೊಳ್ಳಿ. ಊರು ಬಿಟ್ಟು ಇಲ್ಲಿಗೆ ಬಂದ ನಮ್ಮ ಮನೆಮಾತಿನಲ್ಲಿ ಪಲ್ಯ ಹೋಗಿ ಭಾಜಿ ಬಂತು, ಅಂಗಡಿಗೆ ಹೋಗುವ ಮಗಳು ಸುಟ್ಟಾ ಪೈಸೆ ಕೇಳುತ್ತಾಳೆ. ಆದರೂ ಅದು ಕನ್ನಡವಲ್ಲ ಎಂದರೆ ನಮಗೆ ಸಿಟ್ಟು ಬರುತ್ತದೆ.

ಹಾಗಿದ್ದ ಮೇಲೆ ಹೆಸರಿನಂತೆ ನಂಬರನ್ನೂ ಬೇರೆ ಡಬ್ಬಿಯ ಮೇಲೆ ಹೊಡೆಸಿದರೆ ತಪ್ಪೇನು? ಇದಕ್ಕೆ ತತ್ತ್ವಜ್ಞಾನಿಗಳಿಗಿಂತ ನಮ್ಮ ಕಚೇರಿಯೇ ಹೆಚ್ಚು ನೆರವಿಗೆ ಬಂತು. ಸರ್ವಿಸ್ ಬುಕ್ಕಿನಲ್ಲಿ ತಪ್ಪು ಬಿದ್ದರೆ ನಾವು ಅದನ್ನು ಕೆರೆಯುವುದಿಲ್ಲ, ವೈಟ್ನರ್ ಬಳಿಯುವುದಿಲ್ಲ. ಹಳೆಯದು ಓದಲು ಬರುವ ಹಾಗೆ ಒಂದೇ ಅಡ್ಡಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಿಸುತ್ತೇವೆ. ಮೂವತ್ತು ವರ್ಷದಲ್ಲಿ ಪುಟ ತುಂಬ ಅಡ್ಡಗೆರೆಗಳಾದರೂ ಅದು ಅದೇ ಮನುಷ್ಯನ ಪುಸ್ತಕ. ಒಂದೇ ಒಂದು ಕಡೆ ವೈಟ್ನರ್ ಕಂಡರೆ ಇಡೀ ಪುಸ್ತಕದ ಮೇಲೆ ಅನುಮಾನ. ಹೊಸ ಪಿಸ್ಟನ್ ಅಡ್ಡಗೆರೆಯ ತಿದ್ದುಪಡಿ. ಏನು ಹೋಯಿತು, ಏನು ಬಂತು ಎಂದು ಕೇಳಿದವರಿಗೆ ಹೇಳಬಹುದು. ಹೊಡೆಸಿದ ನಂಬರಿನ ಕೆಲಸವೇ ಹೇಳದಂತೆ ಮಾಡುವುದು. ಲೋಹ ಎರಡರಲ್ಲೂ ಒಂದೇ.

ಉಳಿದದ್ದು ದುಡ್ಡಿನ ಪ್ರಶ್ನೆ. ಬಣ್ಣ, ಕ್ರೋಮು, ಸೀಟಿನ ಹೊದಿಕೆ ಪಟ್ಟಿಯಿಂದ ಹೋದವು. ಡೊಂಬಿವಲಿ ಎಂ.ಐ.ಡಿ.ಸಿ.ಯ ಲೇಥಿನವನಿಗೆ ಸಿಲಿಂಡರನ್ನು ಸಂಚಿಯಲ್ಲಿ ಹೊತ್ತು ನಾವೇ ಕೊಟ್ಟು ಬಂದೆವು. ಸೈಲೆನ್ಸರಿನ ಕಿಟ್ಟವನ್ನು ನಾಲ್ಕು ಭಾನುವಾರ ಕೂತು ಕೆರೆದೆವು. ಸೊಸೈಟಿಯವರ ಬೈಗುಳ ಪುಕ್ಕಟೆ. ಕ್ರ್ಯಾಂಕಿನ ಎರಡು ಚಕ್ರಗಳನ್ನು ಪ್ರೆಸ್ಸಿನಲ್ಲಿ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಓರೆ ತೆಗೆಯುವ ಕೆಲಸವೊಂದಿದೆ. ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸ. ಅದರಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ. ಕೊನೆಗೆ 15,600 ಆಯಿತು. ಮನೆಯಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲು ಮೂರು ತಿಂಗಳು ಫಸ್ಟ್ ಕ್ಲಾಸ್ ಪಾಸು ಬಿಟ್ಟು ಸೆಕೆಂಡ್ ಕ್ಲಾಸಿನಲ್ಲಿ ನೇತಾಡಿದೆವು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿನ ನಂಬರಿಗಾಗಿ ಗಾಡಿಯನ್ನು ತೋರಿಸಲು ಹೋದ ದಿನ ಮಿಸ್ತ್ರಿಯೂ ಜೊತೆಗೆ ಬಂದ. ತಪಾಸಣೆಯ ಅಧಿಕಾರಿ ಬಗ್ಗಿ, ಡಬ್ಬಿಯ ಮೇಲಿನ ಗ್ರೀಸು ಒರೆಸಿ, ಕಣ್ಣು ಕಿರಿದು ಮಾಡಿದರು. ಕೊನೆಯ ಅಂಕಿ ಸವೆದು ಮೂರೋ ಎಂಟೋ ತಿಳಿಯದಂತಿತ್ತು.

"ಪಂಚ್ ಮಾಡಿಸಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದರು.

ಇಲ್ಲ ಎಂದೆವು. ಮಾಡಿಸಿದ್ದರೂ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಬೇಕಾಗಿತ್ತಲ್ಲ ಎಂಬುದು ಆಗ ಹೊಳೆದು ಮೈ ಬೆವರಿತು. ಅವರು ನಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರು. ಅಂಕಿಗಳು ಒಂದೊಂದಾಗಿ ಎದ್ದವು. ಕೊನೆಗೆ ಮಸುಕಾಗಿ ಒಂದು ಎಂಟು. ಹಳೆಯ ಆರ್.ಸಿ.ಯೊಂದಿಗೆ ತಾಳೆ ನೋಡಿ ಸಹಿ ಹಾಕಿದರು.

"ಹೊಸಾದ ಹೊಡಸಿದ್ರ ಚಂದ ಕಾಣತಿತ್ತ ನೋಡ್ರಿ," ಎಂದ ಮಿಸ್ತ್ರಿ, ಹೊರಗೆ ಬಂದು ಬೀಡಿ ಹಚ್ಚುತ್ತ.