ಆಗಲಿಲ್ಲ, ಹೋಗಲಿಲ್ಲ

ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಸ್ವಾರಗೇಟ ಎಂದರೆ ಅರ್ಧ ಊರು ಮುಟ್ಟಿದ ಹಾಗೆ. ಹುಬ್ಬಳ್ಳಿ, ಬೆಳಗಾವಿ ಎಂಬ ಕನ್ನಡದ ಬೋರ್ಡು ಹೊತ್ತ ಬಸ್ಸು ಕಂಡರೆ ಸಾಕು, ಜೀವಕ್ಕೆ ಸಮಾಧಾನ. ಕಳೆದ ದೀಪಾವಳಿಗೆ ಮುಂಚೆ ಒಂದು ರಾತ್ರಿ ನಾನೂ ಅಲ್ಲಿದ್ದೆ. ಊರಿಗೆ ಹೊರಟಿರಲಿಲ್ಲ; ಅವ್ವನಿಗೆ ಸೀರೆ, ಔಷಧಿಗಳ ಪಾರ್ಸೆಲ್ ಕಳಿಸಲು ಬಂದಿದ್ದೆ. ಬಸ್ಸು ತಡವಾಗಿತ್ತು. ಫೋನಿನಲ್ಲಿ ಅವ್ವನಿಗೆ ಹೇಳುತ್ತಿದ್ದೆ: "ಈ ಸಲ ಬರಾಕ ಆಗಂಗಿಲ್ಲಬೇ."

ಪಕ್ಕದಲ್ಲಿ ಕೂತಿದ್ದ ಹಿರಿಯರು ಕನ್ನಡ ಕೇಳಿ ಮಾತಿಗಿಳಿದರು. ಬೆಳಗಾವಿ ಕಡೆಯವರು, ನೌಕಾಪಡೆಯಿಂದ ನಿವೃತ್ತರು. ಎಂಜಿನ್ ವಿಭಾಗದ ಕೆಲಸ. ಲೋಣಾವಳಾದ ಐಎನ್ಎಸ್ ಶಿವಾಜಿಯಲ್ಲಿ ತರಬೇತಿ. ಸಮುದ್ರದ ನಡುವೆ ಬೇರೆ ಹಡಗುಗಳಿಗೆ ಇಂಧನ ತುಂಬಿಸುವ ಐಎನ್ಎಸ್ ದೀಪಕ್ ಇಟಲಿಯ ಫಿಂಕಾಂತಿಯೇರಿ ಕಂಪನಿಯಲ್ಲಿ ತಯಾರಾಗುತ್ತಿದ್ದಾಗ, ಅದನ್ನು ತರಲು ಹೋದ ತಂಡದಲ್ಲಿ ಇವರೂ ಇದ್ದರಂತೆ. 2011ರ ಜನವರಿಯಲ್ಲಿ ಆ ಹಡಗು ಮುಂಬೈಯಲ್ಲಿ ಸೇವೆಗೆ ಸೇರಿತು.

ಇಟಲಿ ಹೇಗಿತ್ತು ಎಂದು ಕೇಳಿದೆ. ಯಂತ್ರಗಳ ಮಾತು ಬರುತ್ತದೆ ಎಂದುಕೊಂಡಿದ್ದೆ. ಅವರು ಕಾಮಕಸ್ತೂರಿಯ ಮಾತೆತ್ತಿದರು. ಜಿನೋವಾ ಕಡೆಯ ಕರಾವಳಿಯಲ್ಲಿ ಅದರ ಎಲೆ ಅರೆದು, ಎಣ್ಣೆ, ಚೀಸ್ ಬೆರೆಸಿ ಚಟ್ನಿ ಮಾಡುತ್ತಾರೆ. ಕಿಟಕಿ ಕಿಟಕಿಗೂ ಅದರ ಕುಂಡ. ಇವರ ತಾಯಿ ಮಲ್ಲಿಗೆ ದಂಡೆಯ ನಡುವೆ ಅದೇ ಎಲೆ ಸೇರಿಸಿ ಕಟ್ಟುತ್ತಿದ್ದರಂತೆ.

"ಅಲ್ಲಿದ್ದಾಗನ ಅವ್ವ ಹೋದ್ಲು. ಬರಾಕ ಆಗ್ಲಿಲ್ಲ ಅಂತ ಎಲ್ಲಾರಿಗೂ ಹೇಳ್ಕೊಂತ ಬಂದೆ. ಸೈನ್ಯದಾಂವ ಅಂದಮ್ಯಾಲ ಯಾರೂ ತಿರುಗಿ ಕೇಳೂದಿಲ್ಲ ನೋಡ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಖರೇ ಹೇಳ್ಬೇಕಂದ್ರ, ಅಕಿಗೆ ಭಾಳ ಆರಾಮಿಲ್ಲ ಅಂತ ಫೋನ್ ಬಂದಾಗ ನಾ ರಜಾನ ಕೇಳ್ಲಿಲ್ರಿ. ಹೊಸಾ ಹಡಗ ನಡಿಸ್ಕೊಂಡ ಬರೂ ಯೋಗ ಮತ್ತ ಸಿಗೂದಿಲ್ಲ ಅನಿಸ್ತು. ಆಗ್ಲಿಲ್ಲ ಅಲ್ಲ, ನಾ ಹೋಗ್ಲಿಲ್ಲ."

ಬೆಳಗಾವಿ ಬಸ್ಸು ಬಂತು. ಅವರು ಹತ್ತಿ ಹೋದರು. ನಾನು ಪಾರ್ಸೆಲ್ ಹಿಡಿದು ಕೂತೇ ಇದ್ದೆ.

ಬೆಳಗಾವಿಗೆ ಇಟಲಿ ಹೊಸದಲ್ಲ. ಅಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಸೈನಿಕರು ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದರು. ಅವರಲ್ಲಿ ಯಶವಂತ ಘಾಡ್ಗೆ 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಮಡಿದರು; ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು. ಫೋರ್ಲಿ ಊರಿನಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. ಧರ್ಮದಂತೆ ದಹನವಾದವರಿಗೆ ಬೇರೆ ಸ್ಮಾರಕವೇ ಇದೆ. "ಬರಲು ಆಗಲಿಲ್ಲ" ಎಂಬ ಮಾತು ನಿಜವಾಗಿ ಸಲ್ಲುವುದು ಇಂಥವರಿಗೆ. ಅದನ್ನು ನಾನು ಎಷ್ಟು ಸಲೀಸಾಗಿ ಬಳಸಿದ್ದೇನೆ!

2016ರಲ್ಲಿ ಅಪ್ಪ ಗದಗಿನ ಆಸ್ಪತ್ರೆಯಲ್ಲಿದ್ದಾಗ ನನ್ನ ಪ್ರಾಜೆಕ್ಟು ಗೋ-ಲೈವ್ ಹಂತದಲ್ಲಿತ್ತು. ಗುರುವಾರ ಫೋನ್ ಬಂತು. ನಾನು ಹೊರಟದ್ದು ಶನಿವಾರ ರಾತ್ರಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. "ಬಿಟ್ಟು ಬರಾಕ ಆಗ್ಲಿಲ್ಲ" ಎಂದೆ, ಊರವರು ತಲೆಯಾಡಿಸಿದರು. ಆದರೆ ಆ ಎರಡು ದಿನ ನನ್ನನ್ನು ತಡೆದವರು ಯಾರು? ಯಾರೂ ಇಲ್ಲ. ನಾನು ಕೇಳಿರಲೇ ಇಲ್ಲ. ನಾನಿಲ್ಲದೆ ಕೆಲಸ ನಡೆದುಬಿಟ್ಟರೆ ಎಂಬ ಭಯವಿತ್ತು. ಅದಕ್ಕೆ ಅನಿವಾರ್ಯ ಎಂಬ ಹೆಸರಿಟ್ಟಿದ್ದೆ.

ಹಾಗೆಂದು ಎಲ್ಲ ನೆಪವೂ ಸುಳ್ಳಲ್ಲ. ಸಾಲದ ಕಂತು, ಮಕ್ಕಳ ಪರೀಕ್ಷೆ, ವೀಸಾ ಎಲ್ಲವೂ ನಿಜವಾಗಿಯೇ ಕಟ್ಟಿಹಾಕುತ್ತವೆ. ಹೋಗದಿರುವುದೆಲ್ಲ ತಪ್ಪು ಎಂದೂ ನಾನು ಹೇಳಲಾರೆ. ಆ ನಾವಿಕರಿಗೆ ಹಡಗಿನ ಮೇಲಿದ್ದ ಪ್ರೀತಿ ಸಣ್ಣದೇನಲ್ಲ. ತಪ್ಪು ಇರುವುದು ಕ್ರಿಯಾಪದದಲ್ಲಿ. "ಹೋಗಲಿಲ್ಲ" ಎಂದಾಗ ಕರ್ತೃ ನಾನು. "ಆಗಲಿಲ್ಲ" ಎಂದಾಗ ಕರ್ತೃವೇ ಮಾಯ. ಮಳೆ ಬಂದ ಹಾಗೆ ಏನೋ ಒಂದು ನಡೆದುಹೋಯಿತು, ಅಷ್ಟೆ. ಮಾಡಿದವನೇ ಇಲ್ಲದ ಮೇಲೆ ತಿದ್ದಿಕೊಳ್ಳುವವನು ಎಲ್ಲಿಂದ ಬರಬೇಕು? ಅದಕ್ಕೇ ಮುಂದಿನ ಸಲವೂ ಅದೇ ಮಾತು ನಾಲಿಗೆಗೆ ಬರುತ್ತದೆ.

ಈಗ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಕೇಳಿದ್ದೆನೇ? ಕೇಳಿ, ಇಲ್ಲ ಅನ್ನಿಸಿಕೊಂಡಿದ್ದರೆ "ಆಗಲಿಲ್ಲ". ಕೇಳದೇ ಇದ್ದರೆ "ಹೋಗಲಿಲ್ಲ".

ಆ ರಾತ್ರಿ ಸ್ವಾರಗೇಟದಿಂದಲೇ ಮತ್ತೆ ಅವ್ವನಿಗೆ ಫೋನ್ ಮಾಡಿದೆ. "ಆಗಂಗಿಲ್ಲ ಅಂತಲ್ಲಬೇ, ನಾನ ಬರೂದಿಲ್ಲ ಅಂದೀನಿ" ಎಂದೆ. ಅವ್ವ ಸಿಟ್ಟಾಗಲಿಲ್ಲ. "ಯಾಕೋ, ಏನೈತಿ ಅಂಥಾ ಕೆಲಸ?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಉತ್ತರ ಹುಡುಕಿದೆ. ಎರಡು ರಿವ್ಯೂ ಮೀಟಿಂಗು. ತಂಡದಲ್ಲಿ ಯಾರಾದರೂ ನಡೆಸಬಹುದಾದದ್ದು.

ಅಲ್ಲೇ ನಿಂತು ಮೇಲಿನವರಿಗೆ ರಜೆಗೆ ಬರೆದೆ. ಒಂದು ನಿಮಿಷದಲ್ಲಿ ಒಪ್ಪಿಗೆ ಬಂತು. ಹಬ್ಬಕ್ಕೆ ಹೋಗಿಬಂದೆ, ಅವ್ವನಿಗೆ ಖುಷಿಯಾಯಿತು. ಆ ಒಂದು ನಿಮಿಷ ಮಾತ್ರ ನನ್ನನ್ನು ಇನ್ನೂ ಚುಚ್ಚುತ್ತಿದೆ. 2016ರಲ್ಲೂ ಬಹುಶಃ ಅಷ್ಟೇ ಸಾಕಾಗುತ್ತಿತ್ತು.